ತಲೆಹೊರೆ ಇಳಿಸಿದ ಪುರಸಭೆ: ಡಾ. ವಿ. ಎಸ್. ಆಚಾರ್ಯರ ಸಾರ್ವಜನಿಕ ಜೀವನ



ಊರಿನಿಂದ ಬಂದ ಅತಿಥಿಯು ರಾಜಕಾರಣದ ಮಾತೆತ್ತಿದರೆ ಅದು ವಿಧಾನಸೌಧದಿಂದಲೇ ಆರಂಭವಾಗಬೇಕೆಂಬ ವಾಡಿಕೆಯಿದೆ. ನಾನು ಪುರಸಭೆಯ ಕಟ್ಟಡದಿಂದ ಆರಂಭಿಸುತ್ತೇನೆ. ಸಲ್ಮಾನಿಯಾದಲ್ಲಿ ಕುಳಿತು ಹಾಗೆ ಮಾಡುವುದು ಅನುಚಿತವೇನೂ ಅಲ್ಲ. ನೀವು ವಾಸಿಸುತ್ತಿರುವ ಈ ಮನಾಮಕ್ಕೆ ಪುರಸಭೆ ಬಂದದ್ದು 1919ರಲ್ಲಿ. ಕೊಲ್ಲಿ ಪ್ರದೇಶದ ಅತ್ಯಂತ ಹಳೆಯ ಪುರಸಭೆಗಳಲ್ಲಿ ಅದೂ ಒಂದು. ನಿಮ್ಮಲ್ಲಿ ಎಷ್ಟೋ ಮಂದಿಯ ತವರಾದ ಉಡುಪಿಗೆ ಆ ಭಾಗ್ಯ ಒದಗಿದ್ದು 1935ರಲ್ಲಿ. ನೀರು, ಬೀದಿದೀಪ, ಚರಂಡಿ, ಕಸ: ಜನರು ಸರಕಾರವನ್ನು ದಿನನಿತ್ಯ ಮುಟ್ಟಿ ನೋಡುವುದು ಇಲ್ಲಿಯೇ. ಆದರೂ ಇತಿಹಾಸಕಾರರು ಮಂತ್ರಿಗಳ ಚರಿತ್ರೆ ಬರೆದಷ್ಟು ಉತ್ಸಾಹದಿಂದ ಪುರಸಭಾಧ್ಯಕ್ಷರ ಚರಿತ್ರೆಯನ್ನು ಬರೆದಿಲ್ಲ.

ವೇದವ್ಯಾಸ ಶ್ರೀನಿವಾಸ ಆಚಾರ್ಯರು 1939ರ ಜುಲೈ 6ರಂದು ಉಡುಪಿಯ ಮಾಧ್ವ ಬ್ರಾಹ್ಮಣ ಮನೆತನವೊಂದರಲ್ಲಿ ಜನಿಸಿದರು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಉಡುಪಿಯಲ್ಲಿಯೇ ವೃತ್ತಿ ಹಿಡಿದರು. 1968ರಲ್ಲಿ, ಮೂವತ್ತು ತುಂಬುವ ಮೊದಲೇ, ಪುರಸಭೆಯ ಅಧ್ಯಕ್ಷರಾದರು. ದಕ್ಷಿಣ ಭಾರತದಲ್ಲಿ ಜನಸಂಘದ ಕೈಗೆ ಬಂದ ಮೊದಲ ಪುರಸಭೆಯೆಂದು ಪತ್ರಿಕೆಗಳು ಉಡುಪಿಯತ್ತ ನೋಡಿದವು. ಆ ಪಕ್ಷವನ್ನು ಮೆಚ್ಚುವವರೂ ಮೆಚ್ಚದವರೂ ಈ ಸಭೆಯಲ್ಲಿ ಇದ್ದೀರಿ. ಇಬ್ಬರೂ ಒಂದಿಷ್ಟು ಹೊತ್ತು ಬಾವುಟವನ್ನು ಬದಿಗಿಟ್ಟು, ಆಗಿನ ಉಡುಪಿಯ ಹಿತ್ತಲುಗಳನ್ನು ಕಣ್ಣಮುಂದೆ ತಂದುಕೊಳ್ಳಬೇಕೆಂದು ಕೋರುತ್ತೇನೆ.

ಆಗಿನ ಪೇಟೆಯ ಮನೆಗಳಲ್ಲಿ ಪಾಯಿಖಾನೆಯೆಂದರೆ ಮನೆಯ ಹಿಂಬದಿಯ ಒಂದು ಗೂಡು. ಕೆಳಗೆ ಒಂದು ಡಬ್ಬಿ. ಹಿಂದಿನ ಓಣಿಯಿಂದ ಒಬ್ಬ ಮನುಷ್ಯ ಬರುತ್ತಿದ್ದ. ಡಬ್ಬಿಯನ್ನು ಬರಿದುಮಾಡಿ, ತುಂಬಿದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ. ಮಳೆಗಾಲದಲ್ಲಿ ಅದು ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಮನೆಯವರು ಅವನ ಹೆಸರನ್ನೂ ತಿಳಿದಿರುತ್ತಿರಲಿಲ್ಲ. ಕರಾವಳಿಯ ಪುರಸಭೆಗಳಲ್ಲಿ ಈ ಕೆಲಸಕ್ಕೆ ನೂಕಲ್ಪಟ್ಟವರಲ್ಲಿ ಕೊರಗರೂ ಇದ್ದರು. ಎಂಜಲು ತಿನ್ನಿಸುವಂತಹ ‘ಅಜಲು’ ಪದ್ಧತಿಯಿಂದ ಅವರನ್ನು ಬಿಡಿಸಲು 2000ದಲ್ಲಿ ಕರ್ನಾಟಕ ಸರಕಾರವು ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತೆಂದರೆ ಅವರ ಸ್ಥಿತಿ ಊಹಿಸಬಹುದು.

ಆಚಾರ್ಯರ ಅಧ್ಯಕ್ಷತೆಯಲ್ಲಿ ಉಡುಪಿ ಪುರಸಭೆಯು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ದೇಶದಲ್ಲೇ ಇದು ಮೊದಲನೆಯದೆಂದು ಉಡುಪಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಮೊದಲನೆಯದೋ ಎರಡನೆಯದೋ ಎಂಬ ಪಂದ್ಯಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆಯದು. ಇಂತಹ ನಿಷೇಧವು ಠರಾವು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ನಡೆಯುವುದಿಲ್ಲ. ಡಬ್ಬಿ ಹೋದರೆ ಪ್ರತಿ ಮನೆಗೂ ಗುಂಡಿ ಬೇಕು. ಗುಂಡಿಯ ಪಾಯಿಖಾನೆಗೆ ಸುರಿಯಲು ನೀರು ಬೇಕು. ಕರಾವಳಿಯದು ಮುರಕಲ್ಲಿನ ನೆಲ, ನೀರನ್ನು ಸಲೀಸಾಗಿ ಬಿಡುವಂಥದ್ದು. ಹತ್ತಿರ ಹತ್ತಿರ ಮನೆಗಳಿರುವ ಪೇಟೆಯಲ್ಲಿ ಗುಂಡಿ ಹೆಚ್ಚಿದಷ್ಟೂ ಬಾವಿಯ ನೀರಿಗೆ ಅಪಾಯ. ಹಾಗಾಗಿ ನಳ್ಳಿನೀರು ಬೇಕು; ನಳ್ಳಿನೀರು ಬಂದ ಮೇಲೆ ಅದು ಹೊರಗೆ ಹೋಗಲು ಒಳಚರಂಡಿ ಬೇಕು. ಸ್ವರ್ಣಾ ನದಿಯ ನೀರು ಮತ್ತು ಒಳಚರಂಡಿ, ಇವೆರಡೂ ಆಚಾರ್ಯರ ಹೆಸರಿನೊಡನೆ ಸೇರಿಕೊಂಡಿರುವುದು ಆಕಸ್ಮಿಕವಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯಕ್ಕೆ ಜನಸಾಗರ ಸೇರುವ ಕ್ಷೇತ್ರಕ್ಕೆ ಇವು ಎಷ್ಟು ಅಗತ್ಯವಾಗಿದ್ದವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮಡಿ-ಮೈಲಿಗೆಗಳ ಲೆಕ್ಕ ಬಹಳ ಕಟ್ಟುನಿಟ್ಟಾಗಿದ್ದ ಊರಿನಲ್ಲಿ, ಅದೇ ಸಂಪ್ರದಾಯದಲ್ಲಿ ಬೆಳೆದ ವೈದ್ಯರೊಬ್ಬರು ಮೈಲಿಗೆಯ ಪ್ರಶ್ನೆಯನ್ನು ಕೊಳವೆ, ಗುಂಡಿ, ಇಳಿಜಾರುಗಳ ಪ್ರಶ್ನೆಯನ್ನಾಗಿ ಮಾಡಿದರು. ಅವರ ಜೀವಮಾನದ ದೊಡ್ಡ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. ಮುಂದಿನ ಪದವಿಗಳೆಲ್ಲ ಇದಕ್ಕಿಂತ ಸಣ್ಣವು.

ಆದರೆ ಉಡುಪಿ ಒಂಟಿಯಾಗಿರಲಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವುದನ್ನು ರಾಜ್ಯದಾದ್ಯಂತ ನಿಲ್ಲಿಸುವ ಆಜ್ಞೆ ಹೊರಡಿಸಿದರು. ಪೌರಕಾರ್ಮಿಕರ ಸ್ಥಿತಿಗತಿ ಕುರಿತು ಐ. ಪಿ. ಡಿ. ಸಾಲಪ್ಪನವರ ವರದಿ 1976ರಲ್ಲಿ ಬಂತು. ಒಬ್ಬರು ಜನಸಂಘ, ಮತ್ತೊಬ್ಬರು ಕಾಂಗ್ರೆಸ್ಸು. ಒಬ್ಬರು ಬ್ರಾಹ್ಮಣರು, ಮತ್ತೊಬ್ಬರು ದಲಿತರು. ಕೆಲವೇ ವರ್ಷಗಳ ಅಂತರದಲ್ಲಿ ಇಬ್ಬರೂ ಅದೇ ಡಬ್ಬಿಗೆ ಕೈಹಾಕಿದ್ದರು. ಇವರಿಬ್ಬರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ಭಾಷಣವನ್ನು ನಾನಂತೂ ಊರಿನಲ್ಲಿ ಕೇಳಿಲ್ಲ.

ಮುಂದಿನ ಕಥೆ ಬಹುತೇಕ ನಿಮಗೆ ತಿಳಿದದ್ದೇ. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ, 1983ರಲ್ಲಿ, ಭಾರತೀಯ ಜನತಾ ಪಕ್ಷ ರಾಜ್ಯದಲ್ಲಿ 18 ಸ್ಥಾನಗಳನ್ನು ಪಡೆದಾಗ, ಉಡುಪಿಯಿಂದ ವಿಧಾನಸಭೆಗೆ ಆಯ್ಕೆ, ನಂತರ ಅಧಿಕಾರವಿಲ್ಲದ ದೀರ್ಘ ವರ್ಷಗಳು, ಆಮೇಲೆ ವಿಧಾನ ಪರಿಷತ್ತು. 2006ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವರಾದಾಗ, ಪುರಸಭೆಯ ಕುರ್ಚಿಯಲ್ಲಿ ಮೊದಲು ಕುಳಿತು 38 ವರ್ಷಗಳು ಕಳೆದಿದ್ದವು. 2008ರಲ್ಲಿ ಗೃಹ ಖಾತೆ ಬಂತು. ಆ ಅವಧಿ ಅವರಿಗೆ ಸುಖದ್ದಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲಿನ ದಾಳಿ, 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಯುವತಿಯರ ಮೇಲಿನ ಹಲ್ಲೆ ನಡೆದವು. ಗೃಹ ಸಚಿವರ ಮೇಲೆ ಟೀಕೆಗಳ ಮಳೆಯೇ ಸುರಿಯಿತು. ಅದರಲ್ಲಿ ಸಾಕಷ್ಟು ನ್ಯಾಯವೂ ಇತ್ತು. ಊರಿನ ಚರಂಡಿಯ ವಿಷಯದಲ್ಲಿ ತೋರಿದ ದೃಢತೆಯನ್ನು ತಮ್ಮದೇ ಕರಾವಳಿಯ ಈ ಗಾಯಗಳ ಎದುರು ಅವರು ತೋರಲಿಲ್ಲ.

ಇನ್ನೊಂದು ದಿನಾಂಕವನ್ನು ಹೇಳದೆ ಮುಗಿಸಲಾರೆ. 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಕಚೇರಿಯ ಎದುರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ತಲೆಮಾರುಗಳಿಂದ ವಾಸಿಸುತ್ತಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಲು ಹೊರಟಿದ್ದರ ವಿರುದ್ಧದ ಪ್ರತಿಭಟನೆ ಅದು. ಆಗಲೂ ಅವರು ಅದೇ ವೃತ್ತಿಯಲ್ಲಿ ಉಳಿದಿದ್ದರೆಂಬುದು ನಾಡಿಗೆ ತಿಳಿದದ್ದು ಹಾಗೆ. ಮಲ ಹೊರುವುದನ್ನು ತಮ್ಮ ಊರಿನಲ್ಲಿ ನಾಲ್ಕು ದಶಕಗಳ ಹಿಂದೆಯೇ ನಿಲ್ಲಿಸಿದ್ದ ಆಚಾರ್ಯರು ಆ ದಿನ ಇಡೀ ರಾಜ್ಯದ ಗೃಹ ಸಚಿವರಾಗಿದ್ದರು. ಒಂದು ಪುರಸಭೆ ಮಾಡಬಲ್ಲದ್ದನ್ನು ಪಕ್ಕದ ಪುರಸಭೆಗೆ ಕಲಿಸುವ ವ್ಯವಸ್ಥೆ ನಮ್ಮಲ್ಲಿ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ನನಗೆ ತಿಳಿದಿಲ್ಲ. ಕೇಂದ್ರದ 1993ರ ಕಾಯಿದೆಯಾದರೂ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1997ರಲ್ಲಿ. ಅದು ಕೂಡ ಡಬ್ಬಿ ಪಾಯಿಖಾನೆಯಂಥವುಗಳ ಬಗ್ಗೆ ಮಾತ್ರ ಮಾತನಾಡಿತು.

2010ರ ಸೆಪ್ಟೆಂಬರಿನಲ್ಲಿ ಗೃಹ ಖಾತೆಯನ್ನು ಬಿಟ್ಟು ಆಚಾರ್ಯರು ಉನ್ನತ ಶಿಕ್ಷಣ ಸಚಿವರಾದರು. 2012ರ ಫೆಬ್ರುವರಿ 14ರಂದು ಬೆಂಗಳೂರಿನ ಕಾಲೇಜೊಂದರ ಸಮಾರಂಭದಲ್ಲಿದ್ದಾಗ ಕುಸಿದುಬಿದ್ದು ನಿಧನ ಹೊಂದಿದರು. ಮರುವರ್ಷ, 2013ರಲ್ಲಿ, ಮಲಗುಂಡಿಗೂ ಒಳಚರಂಡಿಗೂ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರುವ ಹೊಸ ಕೇಂದ್ರ ಕಾಯಿದೆ ಬಂತು. ಪುರಸಭೆಗಳು ತಲೆಯ ಮೇಲಿನಿಂದ ಇಳಿಸಿದ ಹೊರೆಯನ್ನು ನೆಲದಡಿಯಲ್ಲಿ ಮತ್ತೆ ಯಾರೋ ಹೊರುತ್ತಿದ್ದರೆಂಬುದನ್ನು ಸಂಸತ್ತು ಆಗ ಒಪ್ಪಿಕೊಂಡಿತು.