ಅಂಚೆಯಲ್ಲಿ ಬಂದ ಸಿಹಿ

ಹಬ್ಬದ ದಿನ ಮನೆಯಲ್ಲಿ ಮಾಡಿದ ಸಿಹಿಯಲ್ಲಿ ಒಂದು ಪಾಲನ್ನು ನೆರೆಮನೆಗೆ ಕಳುಹಿಸುವುದು ನಮ್ಮ ನಾಡಿನಲ್ಲಿ ಎಲ್ಲ ಸಮುದಾಯಗಳಲ್ಲೂ ನಡೆದು ಬಂದ ರೂಢಿ. ತಟ್ಟೆಗೊಂದು ಬಟ್ಟೆ ಮುಚ್ಚಿ ಮಕ್ಕಳ ಕೈಗಿತ್ತರೆ ಕೆಲಸ ಮುಗಿಯಿತು. ಆದರೆ ಆತ್ಮೀಯರು ದೂರದೂರಿನಲ್ಲಿದ್ದರೆ? ಆಗ ಆ ಸಿಹಿ ಹತ್ತಾರು ಅಪರಿಚಿತರ ಕೈ ದಾಟಿ ಹೋಗಬೇಕು. ಈ ಸಣ್ಣ ಸಂಗತಿಗೂ ಒಂದು ಇತಿಹಾಸವಿದೆ. ಸಿಹಿ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದೇ ಆ ಇತಿಹಾಸದ ತಿರುಳು.

ಸಿಹಿಗಿಂತ ಮೊದಲು ಅದರ ಹೆಸರಿನ ಪ್ರಯಾಣವನ್ನೇ ನೋಡೋಣ. ಸಂಸ್ಕೃತದ ಶರ್ಕರಾ ಫಾರಸಿಯಲ್ಲಿ ಶಕರ್ ಆಯಿತು, ಅರಬಿಯಲ್ಲಿ ಸುಕ್ಕರ್ ಆಯಿತು. ಗಟ್ಟಿ ಸಕ್ಕರೆಯನ್ನು ಸೂಚಿಸುತ್ತಿದ್ದ ಖಂಡ ಎಂಬ ಪದ ಅರಬರ ಬಾಯಲ್ಲಿ ಕಂದ್ ಆಗಿ, ಯುರೋಪನ್ನು ಸೇರಿ ಕ್ಯಾಂಡಿ ಎನಿಸಿಕೊಂಡಿತು. ಇಂದು ಮಕ್ಕಳಿಗೆ ಕ್ಯಾಂಡಿ ಕೊಡಿಸುವಾಗ, ಇಲ್ಲಿಂದಲೇ ಹೊರಟ ಪದವೊಂದನ್ನು ನಾವು ಮರಳಿ ಪಡೆಯುತ್ತಿದ್ದೇವೆ.

ತಿನ್ನುವ ವಸ್ತುಗಳು ನಮ್ಮ ದೇಶದ ಅಂಚೆಯಲ್ಲಿ ಸಾಗಿದ್ದಕ್ಕೆ ಹಳೆಯದೊಂದು ಸಾಕ್ಷ್ಯವನ್ನು ಇಬ್ನ್ ಬತೂತ ನೀಡುತ್ತಾನೆ. 1333ರಲ್ಲಿ ಸಿಂಧೂ ತೀರಕ್ಕೆ ಬಂದಿಳಿದ ಈ ಮೊರೊಕ್ಕೊದ ಪ್ರವಾಸಿ, ಮುಹಮ್ಮದ್ ಬಿನ್ ತುಘಲಕ್‌ನ ಅಂಚೆ ವ್ಯವಸ್ಥೆಯನ್ನು ಕಂಡು ಬೆರಗಾದ. ಒಂದು ಮೈಲಿಗೆ ಮೂರು ಠಾಣೆಗಳು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಅಂಚೆಯಾಳು. ಗೆಜ್ಜೆಯ ಸದ್ದು ಕೇಳುತ್ತಲೇ ಮುಂದಿನ ಠಾಣೆಯವನು ಎದ್ದು ಸಿದ್ಧನಾಗುತ್ತಿದ್ದ. ಈ ಕಾಲಾಳುಗಳ ಅಂಚೆ ಕುದುರೆಯ ಅಂಚೆಗಿಂತಲೂ ವೇಗವಾಗಿತ್ತಂತೆ. ಖುರಾಸಾನಿನ ಹಣ್ಣುಗಳು ಇದೇ ದಾರಿಯಲ್ಲಿ ಸುಲ್ತಾನನಿಗೆ ತಲುಪುತ್ತಿದ್ದವು. ಅವನು ದೌಲತಾಬಾದಿನಲ್ಲಿದ್ದಾಗ, ನಲವತ್ತು ದಿನಗಳ ದಾರಿ ದೂರದ ಗಂಗೆಯ ನೀರೂ ಬರುತ್ತಿತ್ತು. ಓಡುವವನ ಬೆವರು ಅಷ್ಟಿದ್ದರೂ ಹಣ್ಣಿನ ರುಚಿ ಮಾತ್ರ ಅರಮನೆಯದು.

ಅಂಚೆಯ ಬಾಗಿಲು ಸಾಮಾನ್ಯರಿಗೆ ತೆರೆಯಲು ಬಹುಕಾಲ ಹಿಡಿಯಿತು. 1854ರ ಅಕ್ಟೋಬರ್ 1ರಂದು ಬ್ರಿಟಿಷ್ ಭಾರತದಲ್ಲಿ ಪತ್ರಗಳಿಗೆ ದೂರವನ್ನು ಲೆಕ್ಕಿಸದೆ ತೂಕದ ಮೇಲೆ ಏಕರೂಪದ ದರ ಜಾರಿಗೆ ಬಂತು. ಅರ್ಧ ಆಣೆಯ ಚೀಟಿ ಅಂಟಿಸಿದರೆ ಕಾಗದ ದೇಶದ ಇನ್ನೊಂದು ತುದಿಗೂ ಹೋಗುತ್ತಿತ್ತು. ಪಾರ್ಸೆಲ್‌ಗಳದು ಬೇರೆ ದಾರಿ. ಅವನ್ನು ಕಾವಡಿಯಂತೆ ಹೆಗಲ ಮೇಲೆ ಹೊತ್ತು ಸಾಗಿಸುತ್ತಿದ್ದುದರಿಂದ ಆ ಸೇವೆಗೆ ಬಂಗಿ ಅಂಚೆ ಎಂಬ ಹೆಸರೇ ಬಂದಿತ್ತು. ಮೈಸೂರು ಸಂಸ್ಥಾನ ತನ್ನದೇ ಅಂಚೆಯನ್ನು ನಡೆಸುತ್ತಿತ್ತು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು.

ಮುಂದೆ 1914ರಲ್ಲಿ ನಡೆದ ಘಟನೆಯೊಂದನ್ನು ನಾವು ಗಮನಿಸಲೇಬೇಕು. ಮೊದಲ ಮಹಾಯುದ್ಧಕ್ಕೆಂದು ಭಾರತದ ಸೈನಿಕರು ಫ್ರಾನ್ಸಿಗೆ ಹೋಗಿದ್ದರು. ದೊರೆ ಐದನೇ ಜಾರ್ಜ್‌ನ ಮಗಳು, 17ರ ಹರೆಯದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸಾರ್ವಜನಿಕರಿಂದ ನಿಧಿ ಸಂಗ್ರಹಿಸಿ, ಕ್ರಿಸ್ಮಸ್ ಕೊಡುಗೆಯಾಗಿ ಹಿತ್ತಾಳೆಯ ಪುಟ್ಟ ಡಬ್ಬಿಗಳನ್ನು ಕಳುಹಿಸಲಾಯಿತು. ಒಳಗೆ ಏನಿಡಬೇಕೆಂದು ಸಮಿತಿ ಚೆನ್ನಾಗಿಯೇ ಯೋಚಿಸಿತ್ತು. ಸಿಖ್ಖರಿಗೆ ತಂಬಾಕು ನಿಷಿದ್ಧ. ಆದ್ದರಿಂದ ಅವರ ಡಬ್ಬಿಯಲ್ಲಿ ಸಕ್ಕರೆಯ ಕ್ಯಾಂಡಿ ಮತ್ತು ಮಸಾಲೆ. ಗೂರ್ಖರಿಗೆ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೇ. ಉಳಿದ ಭಾರತೀಯ ಸೈನಿಕರಿಗೆ ಕ್ಯಾಂಡಿ, ಮಸಾಲೆಯ ಜೊತೆಗೆ ಸಿಗರೇಟೂ ಇತ್ತು. ಪಡೆಯುವವನ ಧರ್ಮವನ್ನರಿತು ಕೊಡುಗೆ ಕಟ್ಟಿದ ಈ ಸೌಜನ್ಯ ಮೆಚ್ಚತಕ್ಕದ್ದೇ.

ಆದರೆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ವರ್ಗವಿತ್ತು. ಸೇನೆಯ ಜೊತೆಗಿದ್ದ ಸಹಾಯಕ ಕೆಲಸಗಾರರನ್ನೆಲ್ಲ 'ಭಿಸ್ತಿ'ಗಳೆಂಬ ಹೆಸರಿನಡಿ ಸೇರಿಸಲಾಗಿತ್ತು. ಅವರ ಪಾಲಿಗೆ ಬಂದದ್ದು ಒಂದು ಮಸಾಲೆಯ ಡಬ್ಬಿ ಮತ್ತು ಶುಭಾಶಯದ ಚೀಟಿ ಮಾತ್ರ. ಸಕ್ಕರೆ ಇರಲಿಲ್ಲ. ಭಿಸ್ತಿ ಎಂದರೆ ತೊಗಲಿನ ಚೀಲದಲ್ಲಿ ನೀರು ಹೊತ್ತು ತಂದು ಕೊಡುವವನು. ಈ ವೃತ್ತಿಯವರಲ್ಲಿ ಹೆಚ್ಚಿನವರು ಮುಸ್ಲಿಮರು. ಆ ಹೆಸರು ಫಾರಸಿಯ ಬಿಹಿಷ್ತ್, ಅಂದರೆ ಸ್ವರ್ಗ ಎಂಬ ಪದದಿಂದ ಬಂದದ್ದು. ಬಾಯಾರಿದವರಿಗೆ ನೀರು ಕೊಡುವವನನ್ನು ನಮ್ಮ ಹಿರಿಯರು ಸ್ವರ್ಗದವನೆಂದು ಕರೆದರು. ಸಾಮ್ರಾಜ್ಯವು ಅವನಿಗೊಂದು ಚೂರು ಸಕ್ಕರೆಯನ್ನೂ ಕೊಡಲಿಲ್ಲ. ಧರ್ಮದ ವಿಚಾರದಲ್ಲಿ ಸೂಕ್ಷ್ಮವಾಗಿದ್ದ ಸಮಿತಿ ದುಡಿಮೆಯ ಮೇಲು ಕೀಳಿನ ವಿಚಾರದಲ್ಲಿ ಕುರುಡಾಗಿತ್ತು.

ಸರಕಾರದ ಕೊಡುಗೆ ಹೀಗಾದರೆ, ಮನೆಯ ಹೆಂಗಸರು ಕಟ್ಟಿದ ಪೊಟ್ಟಣದ ಲೆಕ್ಕವೇ ಬೇರೆ. ಉತ್ತರ ಕರ್ನಾಟಕದ ಕುಸುರೆಳ್ಳನ್ನೇ ನೋಡಿ. ಸಣ್ಣ ಉರಿಯ ಮೇಲಿನ ಅಗಲ ಪಾತ್ರೆಯಲ್ಲಿ ಎಳ್ಳು ಹರಡಿ, ಸಕ್ಕರೆಯ ಪಾಕವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಬೆರಳಿನಿಂದ ಆಡಿಸುತ್ತಲೇ ಇರಬೇಕು. ಪಾಕ ಒಣಗಿದ ಮೇಲೆ ಮತ್ತಷ್ಟು ಪಾಕ. ದಿನಗಟ್ಟಲೆ ತಾಳ್ಮೆಯಿಂದ ಮಾಡಿದರೆ ಕಾಳಿನ ಸುತ್ತ ಬಿಳಿಯ ಮುಳ್ಳುಗಳೇಳುತ್ತವೆ. ನೀರಿನಂಶವಿಲ್ಲದ್ದರಿಂದ ಬೇಗ ಕೆಡದು, ಕಾಗದಕ್ಕೆ ಅಂಟದು, ತೂಕವೂ ಇಲ್ಲ. ಅಂಚೆಗೆ ಹೇಳಿ ಮಾಡಿಸಿದ ಸಿಹಿ. ಸಂಕ್ರಾಂತಿಯ ಶುಭಾಶಯದ ಜೊತೆ ನಾಲ್ಕು ಕಾಳು ಲಕೋಟೆಯೊಳಗೆ ಹಾಕಿ ಕಳುಹಿಸಿದರೆ, ಒಳ್ಳೆಯ ಮಾತಾಡೋಣ ಎಂಬ ಹಾರೈಕೆಯೂ ತಲುಪಿದಂತೆ. ಹೆಚ್ಚು ಕಳುಹಿಸುವುದಿದ್ದರೆ ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ಹೊಲಿದು, ಅದರ ಮೇಲೆಯೇ ವಿಳಾಸ ಬರೆದು, ಅರಗಿನ ಮುದ್ರೆ ಒತ್ತಿ ಪಾರ್ಸೆಲ್ ಮಾಡುತ್ತಿದ್ದರು.

ಆ ಪೊಟ್ಟಣವನ್ನು ದಾರಿಯಲ್ಲಿ ಹೊತ್ತವರ ಜಾತಿ ಧರ್ಮ ಯಾವುದೆಂದು ಪಡೆದವರಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಯಾರ ಕೈಯದನ್ನು ತಿನ್ನಬಹುದು, ಯಾರದನ್ನು ಬಾರದು ಎಂದು ಲೆಕ್ಕ ಹಾಕುತ್ತಿದ್ದ ಸಮಾಜಕ್ಕೆ ಅಂಚೆಯ ಚೀಲ ಸದ್ದಿಲ್ಲದೆ ಒಂದು ಪಾಠ ಹೇಳಿತು.

ಪ್ರವಾದಿ ಮುಹಮ್ಮದ್(ಸ) ಉಡುಗೊರೆಯನ್ನು ಸ್ವೀಕರಿಸುತ್ತಿದ್ದರು, ಪ್ರತಿಯಾಗಿ ತಾವೂ ಕೊಡುತ್ತಿದ್ದರು. ನೆರೆಯವಳು ಕಳುಹಿಸಿದ್ದು ಆಡಿನ ಗೊರಸೇ ಆಗಿದ್ದರೂ ಅದನ್ನು ಕೀಳಾಗಿ ಕಾಣಬಾರದೆಂದು ಅವರು ಮಹಿಳೆಯರಿಗೆ ಬೋಧಿಸಿದ್ದರು. ಹಾಗಿರುವಾಗ ನಾಲ್ಕು ಕಾಳು ಕುಸುರೆಳ್ಳು ಸಣ್ಣದು ಹೇಗಾದೀತು? ಇಂದು ತಿನಿಸು ಮಾರುವವನ ಹೆಸರು ಕೇಳಿ ಕೈ ಹಿಂದೆಗೆಯುವವರು ನಮ್ಮ ನಡುವೆ ಇದ್ದಾರೆ. ಅಂಥವರಿಗೆ ಉತ್ತರ ವಾದದಲ್ಲಿಲ್ಲ. ಈ ಬಾರಿಯ ಹಬ್ಬಕ್ಕೆ ನಮ್ಮ ಮನೆಯಲ್ಲಿ ಮಾಡಿದ ಸಿಹಿಯನ್ನು, ದೂರದಲ್ಲಿರುವ ಬೇರೆ ಧರ್ಮದ ಗೆಳೆಯರೊಬ್ಬರಿಗೆ ನಾವೇ ಕಟ್ಟಿ ಕಳುಹಿಸೋಣ. ಅದನ್ನು ತಂದುಕೊಡುವ ಅಂಚೆಯಣ್ಣನಿಗೂ ಅದರಲ್ಲಿ ಒಂದು ಪಾಲಿರಲಿ.