ಮನೆಗೆ ಮರಳುವ ಶಾಸಕ

ನಮ್ಮೂರಿನ ಸಣ್ಣದೊಂದು ಸಾಹಿತ್ಯ ಸಂಘಕ್ಕೆ ನಾನು ಹನ್ನೆರಡು ವರ್ಷ ಕಾರ್ಯದರ್ಶಿಯಾಗಿದ್ದೆ. ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಕಾಲ ಆ ಸ್ಥಾನದಲ್ಲಿ ಇರತಕ್ಕದ್ದಲ್ಲವೆಂದು ಸಂಘದ ನಿಯಮಾವಳಿ ಹೇಳುತ್ತಿತ್ತು. ನನ್ನ ಎರಡನೆಯ ಅವಧಿ ಮುಗಿಯುವ ಹೊತ್ತಿಗೆ ಸರ್ವಸದಸ್ಯರ ಸಭೆ ಆ ನಿಯಮವನ್ನೇ ತಿದ್ದಿತು. “ಲೆಕ್ಕಪತ್ರ, ಕಟ್ಟಡದ ಬಾಡಿಗೆ ಕರಾರು, ದಾನಿಗಳ ವಿಳಾಸ ಎಲ್ಲವೂ ಇವರಿಗೇ ಗೊತ್ತು, ಇವರು ಬಿಟ್ಟರೆ ನಡೆಸುವವರು ಯಾರು?” ಎಂದು ಹಿರಿಯರೊಬ್ಬರು ಕೇಳಿದರು. ನಾನು ವಿನಯದಿಂದ ತಲೆತಗ್ಗಿಸಿ ಕುಳಿತಿದ್ದೆ. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ಅವೆಲ್ಲ ನನಗೊಬ್ಬನಿಗೇ ಏಕೆ ಗೊತ್ತಿದ್ದುವು ಎಂದು ಅಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಬೇರೆ ಯಾರಿಗೂ ನಾನು ಹೇಳಿಕೊಟ್ಟಿರಲಿಲ್ಲವೆಂಬುದೇ ಅದಕ್ಕೆ ಉತ್ತರ.

ಈ ಹಳೆಯ ಸಂಗತಿ ಮತ್ತೆ ನೆನಪಾದದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳ ಶಾಸನಸಭೆಗಳ ಚರಿತ್ರೆಯನ್ನು ಓದುವಾಗ. ಒಬ್ಬ ಮನುಷ್ಯ ಎಷ್ಟು ಕಾಲ ಶಾಸಕನಾಗಿರಬಹುದು ಎಂಬ ಪ್ರಶ್ನೆಯನ್ನು ಆ ದೇಶ ಸುಮಾರು ಎರಡೂವರೆ ಶತಮಾನಗಳಿಂದ ಚರ್ಚಿಸುತ್ತ ಬಂದಿದೆ. ಇಂದು ಅಲ್ಲಿನ 50 ರಾಜ್ಯಗಳ ಪೈಕಿ 16ರಲ್ಲಿ ಶಾಸಕರಿಗೆ ಅವಧಿಯ ಮಿತಿ ಇದೆ. ನಾನು ಸ್ವಭಾವತಃ ಸಂಪ್ರದಾಯದ ಪಕ್ಷಪಾತಿ. ಬಹುಕಾಲದಿಂದ ನಡೆದುಬಂದದ್ದನ್ನು ಬಲವಾದ ಕಾರಣವಿಲ್ಲದೆ ಕದಲಿಸಬಾರದೆಂದು ನಂಬಿದವನು. ಯಾವ ಮನುಷ್ಯನ ಕೈಯಲ್ಲೂ ಅಧಿಕಾರ ಬಹುಕಾಲ ಬೇರೂರಬಾರದೆಂದೂ ನಂಬಿದವನು. ಈ ಎರಡು ನಂಬಿಕೆಗಳು ಬೇರೆಡೆ ಒಟ್ಟಿಗೆ ಬಾಳಬಹುದು. ಈ ಪ್ರಶ್ನೆ ಬಂದಾಗ ಮಾತ್ರ ಎದುರುಬದುರು ನಿಲ್ಲುತ್ತವೆ. ಆದ್ದರಿಂದ ಈ ಚರಿತ್ರೆ ನನಗೆ ಕುತೂಹಲದ ವಿಷಯವಷ್ಟೇ ಆಗಿ ಉಳಿಯಲಿಲ್ಲ.

ಮೊದಲ ಅಧ್ಯಾಯ 1776ರದು. ಆ ವರ್ಷದ ಜೂನ್ ತಿಂಗಳಲ್ಲಿ ವರ್ಜೀನಿಯ ತನ್ನ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು. ಅಧಿಕಾರದಲ್ಲಿರುವವರು ಗೊತ್ತಾದ ಕಾಲಕ್ಕೆ ಖಾಸಗಿ ಜೀವನಕ್ಕೆ ಮರಳಬೇಕು, ಜನರ ಮೇಲಿರುವ ಹೊರೆಯನ್ನು ತಾವೂ ಹೊತ್ತು ನೋಡಬೇಕು, ಆಗ ಮಾತ್ರ ಅವರು ದಬ್ಬಾಳಿಕೆಯಿಂದ ದೂರವಿರುವರು ಎಂಬುದು ಅದರ ಒಂದು ಕಲಮಿನ ತಾತ್ಪರ್ಯ. ಅದೇ ವರ್ಷ ಪೆನ್ಸಿಲ್ವೇನಿಯ ಇದನ್ನು ಲೆಕ್ಕದ ಭಾಷೆಗೆ ಇಳಿಸಿತು: ಏಳು ವರ್ಷಗಳಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಅಲ್ಲಿನ ಸಭೆಯ ಸದಸ್ಯರಾಗಿರುವಂತಿಲ್ಲ. ತನ್ನ ಕಾರ್ಯಾಂಗ ಮಂಡಲಿಗೂ ಇಂಥದೇ ಸರದಿಯನ್ನು ಗೊತ್ತುಮಾಡಿ, ಅದರ ಕಾರಣವನ್ನೂ ಸಂವಿಧಾನದಲ್ಲಿಯೇ ಬರೆಯಿತು. ಹೀಗೆ ಮಾಡುವುದರಿಂದ ಹೆಚ್ಚು ಜನ ರಾಜ್ಯದ ಕಾರ್ಯದಲ್ಲಿ ಪಳಗುತ್ತಾರೆ. ಅನನುಕೂಲವಾದ ಪ್ರಭುವರ್ಗವೊಂದು ತಲೆಯೆತ್ತುವ ಅಪಾಯವೂ ತಪ್ಪುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ನಿಯಮ ಯಾರನ್ನೂ ಶಾಶ್ವತವಾಗಿ ಹೊರಗೆ ಹಾಕಲಿಲ್ಲ. ಹೋಗಿ ಬಾ ಎಂದಿತು. ಹೋಗು ಎಂದಷ್ಟೇ ಹೇಳಲಿಲ್ಲ.

1777ರಲ್ಲಿ ಸಿದ್ಧವಾಗಿ 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರೂ ಇದೇ ದಾರಿಯನ್ನು ಹಿಡಿಯಿತು: ಆರು ವರ್ಷಗಳಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿರುವಂತಿಲ್ಲ. ಈ ನಿಯಮಕ್ಕೆ ತಲೆಬಾಗಿದವರಲ್ಲಿ ಜೇಮ್ಸ್ ಮ್ಯಾಡಿಸನ್ ಒಬ್ಬ. ಸಭೆಯ ಅತ್ಯಂತ ಶ್ರದ್ಧಾವಂತ ಸದಸ್ಯರಲ್ಲಿ ಒಬ್ಬನಾಗಿದ್ದ ಆತ 1783ರ ಕೊನೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ವರ್ಜೀನಿಯಕ್ಕೆ ಹೊರಡಬೇಕಾಯಿತು. ಇದರಿಂದ ಕಾಂಗ್ರೆಸ್ಸಿಗೆ ನಷ್ಟವಾಯಿತೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಮನೆಗೆ ಮರಳಿದ ಮ್ಯಾಡಿಸನ್ ಸುಮ್ಮನೆ ಕೂರಲಿಲ್ಲ. ತನ್ನ ರಾಜ್ಯದ ಸಭೆಗೆ ಆಯ್ಕೆಯಾದ. ಜೆಫರ್ಸನ್ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನವನ್ನು, ಜೆಫರ್ಸನ್ ಪ್ಯಾರಿಸ್ಸಿನಲ್ಲಿದ್ದಾಗಲೇ, 1786ರಲ್ಲಿ ಅಂಗೀಕಾರ ಮಾಡಿಸಿದ. ಪ್ರಾಚೀನ ಒಕ್ಕೂಟಗಳ ಚರಿತ್ರೆಯನ್ನು ಓದಿ ಟಿಪ್ಪಣಿ ಮಾಡಿಕೊಂಡ. ನಿಯಮದ ಗಡುವು ಕಳೆದು 1787ರಲ್ಲಿ ಕಾಂಗ್ರೆಸ್ಸಿಗೆ ಮರಳಿದಾಗ, ಅದೇ ವರ್ಷ ಫಿಲಡೆಲ್ಫಿಯದಲ್ಲಿ ಸಂವಿಧಾನ ರಚನೆಗೆ ಕುಳಿತಾಗ, ಆತನ ಕೈಯಲ್ಲಿ ಈ ವಿರಾಮದ ವರ್ಷಗಳ ಫಲವಿತ್ತು.

ವಿಪರ್ಯಾಸವೆಂದರೆ ಆ ಹೊಸ ಸಂವಿಧಾನ ಸರದಿಯ ನಿಯಮವನ್ನು ಕೈಬಿಟ್ಟಿತು. ಮ್ಯಾಡಿಸನ್ ತಾನೇ 1788ರಲ್ಲಿ ಬರೆದ ಫೆಡರಲಿಸ್ಟ್ ಲೇಖನವೊಂದರಲ್ಲಿ, ಸಭೆಯಲ್ಲಿ ಹೊಸಬರ ಪ್ರಮಾಣ ಹೆಚ್ಚಾದಷ್ಟೂ ಅವರು ಇತರರು ಒಡ್ಡಿದ ಬಲೆಗೆ ಬೀಳುವ ಸಂಭವವೂ ಹೆಚ್ಚೆಂದು ವಾದಿಸಿದ. ನ್ಯೂಯಾರ್ಕಿನ ಅನುಮೋದನಾ ಸಭೆಯಲ್ಲಿ ಮೆಲಂಕ್ಟನ್ ಸ್ಮಿತ್ ಸೆನೆಟ್ ಸದಸ್ಯರಿಗಾದರೂ ಸರದಿ ಬೇಕೆಂದು ಹಟ ಹಿಡಿದ. ಹ್ಯಾಮಿಲ್ಟನ್ ಅದನ್ನು ವಿರೋಧಿಸಿದ. ಸ್ಮಿತ್ ಸೋತ. ಆದರೂ ಶಾಸನದಲ್ಲಿ ಸೋತದ್ದು ನಡತೆಯಲ್ಲಿ ಬಹುಕಾಲ ಬಾಳಿತು. ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಮೂರನೆಯ ಅವಧಿ ಬೇಡವೆಂದು ಊರಿಗೆ ಮರಳಿದ. ಅಬ್ರಹಾಂ ಲಿಂಕನ್ 1847ರಿಂದ 1849ರ ವರೆಗೆ ಒಂದೇ ಅವಧಿಗೆ ಕಾಂಗ್ರೆಸ್ಸಿನಲ್ಲಿದ್ದುದಕ್ಕೆ, ಆತನ ಕ್ಷೇತ್ರದ ಪಕ್ಷದವರಲ್ಲಿದ್ದ ಸರದಿಯ ವಾಡಿಕೆಯೂ ಕಾರಣ. ಬರೆಯದ ನಿಯಮವನ್ನು ಪಾಲಿಸುವ ಮನಸ್ಸು ಇರುವವರೆಗೆ ಬರೆದ ನಿಯಮ ಬೇಕಾಗುವುದಿಲ್ಲ. ಫ್ರಾಂಕ್ಲಿನ್ ರೂಸ್ವೆಲ್ಟ್ 1940ರಲ್ಲಿ ಮೂರನೆಯ ಬಾರಿಗೆ, 1944ರಲ್ಲಿ ನಾಲ್ಕನೆಯ ಬಾರಿಗೆ ಗೆದ್ದುಬಂದ ಮೇಲೆ, ಅಧ್ಯಕ್ಷ ಪದವಿಯ ಮಟ್ಟಿಗೆ ವಾಡಿಕೆಯ ಜಾಗಕ್ಕೆ ಕಾನೂನು ಬಂತು. ಆ ತಿದ್ದುಪಡಿ 1951ರಲ್ಲಿ ಸ್ಥಿರವಾಯಿತು.

ಶಾಸಕರ ಸರದಿಗೆ ಕಾನೂನು ಬಂದದ್ದು ಇನ್ನೂ ನಾಲ್ಕು ದಶಕಗಳ ಅನಂತರ. ಅದರ ಮುಖ್ಯ ರಂಗಸ್ಥಳ ಕ್ಯಾಲಿಫೋರ್ನಿಯ. ಅಲ್ಲಿ 1960ರ ದಶಕದಲ್ಲಿ ಸಭಾಧ್ಯಕ್ಷನಾಗಿದ್ದ ಜೆಸ್ಸಿ ಅನ್ರೂ, ಶಾಸಕ ವೃತ್ತಿ ಬಿಡುವಿನ ವೇಳೆಯ ಹವ್ಯಾಸವಾಗಿರಬಾರದು, ಪೂರ್ಣಕಾಲದ ಕೆಲಸವಾಗಬೇಕು ಎಂದು ಸಾಧಿಸಿದ. 1966ರಲ್ಲಿ ಜನ ಅದಕ್ಕೆ ಒಪ್ಪಿಗೆ ಕೊಟ್ಟರು. ಸಂಬಳ ಬಂತು, ಸಿಬ್ಬಂದಿ ಬಂತು, ವಿಷಯತಜ್ಞರು ಬಂದರು. 1971ರ ರಾಷ್ಟ್ರೀಯ ಸಮೀಕ್ಷೆಯೊಂದು ಐವತ್ತು ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆಯನ್ನೇ ಮೊದಲ ಸ್ಥಾನದಲ್ಲಿರಿಸಿತು. ಆದರೆ ಪೂರ್ಣಕಾಲದ ಕೆಲಸವೆಂದ ಮೇಲೆ ಅದನ್ನು ಬಿಡುವುದು ಯಾರಿಗೂ ಸುಲಭವಲ್ಲ. 1964ರಲ್ಲಿ ಆಯ್ಕೆಯಾದ ವಿಲ್ಲಿ ಬ್ರೌನ್ 1980ರಲ್ಲಿ ಸಭಾಧ್ಯಕ್ಷನಾಗಿ ಸುಮಾರು ಹದಿನೈದು ವರ್ಷ ಆ ಪೀಠದಲ್ಲಿದ್ದ. ಬಡತನದಿಂದ, ವರ್ಣದ್ವೇಷದ ಟೆಕ್ಸಾಸಿನಿಂದ ಮೇಲೆದ್ದು ಬಂದ ಅಸಾಧಾರಣ ಚತುರ ಆತ. ಆದರೆ ಆತನನ್ನು ಕದಲಿಸುವುದು ವಿರೋಧಿಗಳಿಗೆ ಅಸಾಧ್ಯವಾಗಿ ಕಂಡಿತು.

ಕೊನೆಗೆ ಸಂಪ್ರದಾಯಪರರು ಜನಮತದ ಮೊರೆಹೊಕ್ಕರು. 1990ರ ಸೆಪ್ಟೆಂಬರಿನಲ್ಲಿ ಒಕ್ಲಹೋಮ ಮೊದಲು ಮಿತಿ ಹಾಕಿತು. ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು 140ನೆಯ ಪ್ರಸ್ತಾವವನ್ನು ಅಲ್ಪ ಬಹುಮತದಿಂದ ಅಂಗೀಕರಿಸಿದರು. ಕೆಳಮನೆಯಲ್ಲಿ ಆರು ವರ್ಷ, ಮೇಲ್ಮನೆಯಲ್ಲಿ ಎಂಟು ವರ್ಷ. ಅಲ್ಲಿಗೆ ಮುಗಿಯಿತು, ಜೀವಮಾನವಿಡೀ ಮತ್ತೆ ಆ ಮನೆಯ ಬಾಗಿಲು ತೆರೆಯದು. ಸಾಲದೆಂಬಂತೆ ಶಾಸನಸಭೆಯ ವೆಚ್ಚದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಕಡಿತವಾಯಿತು. ಇದರ ಬೆಂಬಲಿಗರ ಬಾಯಲ್ಲಿದ್ದದ್ದು 1776ರ ಮಾತುಗಳೇ: ನೇಗಿಲು ಬಿಟ್ಟು ಬಂದು ಸೇವೆ ಮಾಡಿ ನೇಗಿಲಿಗೆ ಮರಳುವ ನಾಗರಿಕ ಶಾಸಕ. ಆದರೆ ಅವರು ಮಾಡಿದ್ದು 1776ರ ಕೆಲಸವಾಗಿರಲಿಲ್ಲ. ಪೆನ್ಸಿಲ್ವೇನಿಯದವರು ವಿಧಿಸಿದ್ದು ಸರದಿ. ಇವರು ವಿಧಿಸಿದ್ದು ಗಡೀಪಾರು.

ಈ ಭೇದ ಬಹುಬೇಗ ಫಲ ಕೊಟ್ಟಿತು. 1996ರಿಂದ 2010ರ ವರೆಗೆ ಎಂಟು ಮಂದಿ ಆ ಸಭೆಯ ಅಧ್ಯಕ್ಷಪೀಠವನ್ನೇರಿದರು. 2002ರಲ್ಲಿ ಮೊದಲ ಬಾರಿಗೆ ಆಯ್ಕೆಯಾದ ಫಾಬಿಯನ್ ನೂನ್ಯೆಸ್, ಮೊದಲ ಅವಧಿ ಮುಗಿಯುವ ಮುನ್ನವೇ 2004ರಲ್ಲಿ ಸಭಾಧ್ಯಕ್ಷನಾದ. ಬಜೆಟ್ಟಿನ ಒಳಸುಳಿಗಳನ್ನು ಕಲಿಯುವಷ್ಟರಲ್ಲಿ ಸದಸ್ಯನ ಗಡುವು ತೀರುತ್ತಿತ್ತು. ಹತ್ತಾರು ವರ್ಷ ಅಲ್ಲಿಯೇ ಇದ್ದ ಇಲಾಖೆಯ ಅಧಿಕಾರಿಯಾಗಲಿ, ಹಿತಾಸಕ್ತಿಗಳ ಪರ ಓಡಾಡುವ ಮಧ್ಯವರ್ತಿಯಾಗಲಿ ಎಲ್ಲಿಗೂ ಹೋಗುತ್ತಿರಲಿಲ್ಲ. ಇನ್ನು ಮನೆಗೆ ಮರಳಿದವರಾದರೂ ಎಷ್ಟು ಮಂದಿ? ವಿಲ್ಲಿ ಬ್ರೌನ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರಾದ. ಇತರ ಅನೇಕರು ಕೆಳಮನೆಯಿಂದ ಮೇಲ್ಮನೆಗೆ, ಅಲ್ಲಿಂದ ಇನ್ನೊಂದು ಪದವಿಗೆ ನಡೆದರು. ಬಾಗಿಲು ಹಿಂದಿನಿಂದ ಶಾಶ್ವತವಾಗಿ ಮುಚ್ಚುವುದೆಂದು ಗೊತ್ತಿದ್ದವನು ಒಳಗೆ ಕುಳಿತಿರುವಾಗಲೇ ಮುಂದಿನ ಬಾಗಿಲನ್ನು ಹುಡುಕುತ್ತಾನೆ. ಇದು ಮನುಷ್ಯಸ್ವಭಾವ. ಮನುಷ್ಯಸ್ವಭಾವವನ್ನು ಮರೆತು ನಿಯಮ ಮಾಡುವುದು ಸಂಪ್ರದಾಯಪರರಿಗೆ ಒಪ್ಪುವ ಕೆಲಸವಲ್ಲ.

ಸಂಪ್ರದಾಯಪರರಲ್ಲೇ ಇದರ ಬಗ್ಗೆ ಒಡಕಿತ್ತು. ಅಂಕಣಕಾರ ಜಾರ್ಜ್ ವಿಲ್ 1992ರಲ್ಲಿ ಪುಸ್ತಕವೊಂದನ್ನೇ ಬರೆದು ಕಾಂಗ್ರೆಸ್ಸಿಗೂ ಮಿತಿ ಬೇಕೆಂದರು. ಅದೇ ಪಂಗಡದ ಹಿರಿಯರಾದ ಹೆನ್ರಿ ಹೈಡ್, 1995ರಲ್ಲಿ ಅಂಥ ಸಂವಿಧಾನ ತಿದ್ದುಪಡಿ ಚರ್ಚೆಗೆ ಬಂದಾಗ, ತಮ್ಮ ಪಕ್ಷದ ನಾಯಕತ್ವಕ್ಕೆ ವಿರುದ್ಧವಾಗಿ ಎದ್ದುನಿಂತು, ಅನುಭವವನ್ನು ಅಪರಾಧವೆಂಬಂತೆ ಕಾಣುವ ಈ ಕೆಲಸಕ್ಕೆ ತಾನು ಕೈಜೋಡಿಸಲಾರೆನೆಂದರು. ಪರವಾಗಿ 227, ವಿರುದ್ಧವಾಗಿ 204 ಮತಗಳು ಬಿದ್ದುವು. ಮೂರನೆಯ ಎರಡು ಪಾಲು ಬಹುಮತ ಬಾರದೆ ತಿದ್ದುಪಡಿ ಬಿದ್ದುಹೋಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಅಂತರದಲ್ಲಿ, ಕಾಂಗ್ರೆಸ್ ಸದಸ್ಯರಿಗೆ ರಾಜ್ಯಗಳು ತಾವಾಗಿ ಮಿತಿ ಹಾಕುವಂತಿಲ್ಲವೆಂದು ತೀರ್ಪಿತ್ತಿತು. ಪ್ರಶ್ನೆ ಮತ್ತೆ ರಾಜ್ಯಗಳ ಶಾಸನಸಭೆಗಳಿಗೇ ಸೀಮಿತವಾಯಿತು.

ಆ ರಾಜ್ಯಗಳಲ್ಲಿ ನನ್ನ ಗಮನ ಸೆಳೆದದ್ದು ನೆಬ್ರಾಸ್ಕ. 2000ದಲ್ಲಿ ಅಲ್ಲಿನ ಜನ ಅಂಗೀಕರಿಸಿದ ನಿಯಮ ಹೀಗಿದೆ: ಸತತವಾಗಿ ಎರಡು ಅವಧಿ, ಎಂದರೆ ಎಂಟು ವರ್ಷ, ಆಮೇಲೆ ನಾಲ್ಕು ವರ್ಷ ಹೊರಗೆ, ಬೇಕಾದರೆ ಮತ್ತೆ ಜನರ ಮುಂದೆ ಬರಬಹುದು. ಒಮಾಹಾ ನಗರದ ಎರ್ನಿ ಚೇಂಬರ್ಸ್ ಎಂಬ ಕಪ್ಪು ಜನಾಂಗದ ಶಾಸಕ 1971ರಿಂದ ಆ ಸಭೆಯಲ್ಲಿದ್ದ. ಎಲ್ಲರನ್ನೂ ಎದುರು ಹಾಕಿಕೊಳ್ಳುವ ಒಂಟಿ ಹೋರಾಟಗಾರ. ಸಭೆಯ ನಿಯಮಗಳನ್ನು ಆತನಷ್ಟು ಬಲ್ಲವರು ವಿರಳ. ಈ ಮಿತಿಯ ಗುರಿ ಆತನೇ ಎಂದು ಅನೇಕರು ಭಾವಿಸಿದ್ದರು. 2009ರಲ್ಲಿ ಆತ ಮನೆಗೆ ಹೋದ. ನಾಲ್ಕು ವರ್ಷ ಕಳೆದು 2013ರಲ್ಲಿ ಮರಳಿ ಗೆದ್ದು ಬಂದ. 2021ರ ವರೆಗೆ ಇದ್ದ. ಆತನ ಅಭಿಪ್ರಾಯಗಳಲ್ಲಿ ಹೆಚ್ಚಿನವು ನನಗೆ ಒಪ್ಪಿಗೆಯಲ್ಲ. ಆದರೂ ಆ ಪುನರಾಗಮನ ನನಗೆ ಮೆಚ್ಚಿಗೆಯಾಯಿತು. ನಿಯಮಕ್ಕೆ ತಲೆಬಾಗಿ ಹೋದವನನ್ನು ಜನ ಬೇಕೆಂದು ಮತ್ತೆ ಕರೆದರು. ಇಲ್ಲಿ ಅಧಿಕಾರಕ್ಕೂ ಅಂಕುಶವಿತ್ತು, ಜನರ ಆಯ್ಕೆಗೂ ಗೌರವವಿತ್ತು.

ಕ್ಯಾಲಿಫೋರ್ನಿಯವೂ ತಿದ್ದಿಕೊಂಡಿತು. 2012ರಲ್ಲಿ ಎರಡು ಮನೆಗಳಿಗೂ ಸೇರಿ ಒಟ್ಟು ಹನ್ನೆರಡು ವರ್ಷವೆಂದೂ, ಅಷ್ಟನ್ನೂ ಒಂದೇ ಮನೆಯಲ್ಲಿ ಕಳೆಯಬಹುದೆಂದೂ ಮಾಡಿತು. ಮಿಷಿಗನ್ 2022ರಲ್ಲಿ ಅದೇ ಹಾದಿ ಹಿಡಿಯಿತು. ಗಡುವು ಹಿಗ್ಗಿತು, ಆದರೆ ಹನ್ನೆರಡು ವರ್ಷ ತೀರಿದ ಮೇಲೆ ಹಿಂದಿರುಗುವ ದಾರಿ ಮಾತ್ರ ಇಂದಿಗೂ ಅಲ್ಲಿ ತೆರೆದಿಲ್ಲ. ತಿದ್ದುಪಡಿ ಅರ್ಧಕ್ಕೇ ನಿಂತಿತೆಂದು ನನ್ನ ಭಾವನೆ.

ಇಷ್ಟು ದೂರ ಹೋಗಿಬಂದ ಮೇಲೆ ನಮ್ಮ ನೆರೆಯ ಒಂದು ಶಾಸನ ನೆನಪಾಗುತ್ತದೆ. ಕಂಚಿಯ ಸಮೀಪದ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ, ಚೋಳ ಒಂದನೆಯ ಪರಾಂತಕನ ಕಾಲದಲ್ಲಿ, 919 ಮತ್ತು 921ರಲ್ಲಿ ಕೊರೆದ ಬರೆಹಗಳಿವೆ. ಊರಿನ ಸಭೆಯ ವಾರಿಯಗಳಿಗೆ, ಎಂದರೆ ಸಮಿತಿಗಳಿಗೆ, ಓಲೆಯಲ್ಲಿ ಹೆಸರು ಬರೆದು ಕೊಡದೊಳಗೆ ಹಾಕಿ ಎತ್ತಿ ಸದಸ್ಯರನ್ನು ಆರಿಸುವ ವಿಧಾನ ಅಲ್ಲಿದೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನ ಹೆಸರನ್ನು ಹಾಕುವಂತಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನನ್ನಂತೂ ಸೇರಿಸುವಂತೆಯೇ ಇಲ್ಲ. ಅದು ಭೂಮಿಯುಳ್ಳ ವೇದಜ್ಞ ಬ್ರಾಹ್ಮಣರ ಸಭೆ. ಅದನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವೆಂದು ಹಾಡಿ ಹೊಗಳುವುದು ತಪ್ಪು. ಆದರೆ ಮೂರು ವರ್ಷ ಹೊರಗಿರು, ಲೆಕ್ಕ ಕೊಟ್ಟು ಹೋಗು, ಆಮೇಲೆ ಬಾ ಎಂಬ ವಿವೇಕ, ಪೆನ್ಸಿಲ್ವೇನಿಯಕ್ಕಿಂತ ಎಂಟೂವರೆ ಶತಮಾನ ಮೊದಲು, ಅದರ ಪರಿಚಯವೇ ಇಲ್ಲದ ನೆಲದಲ್ಲಿ ಮೂಡಿತ್ತು. ಎರಡು ದೂರದ ಕಾಲಗಳು ತಮ್ಮಷ್ಟಕ್ಕೆ ತಾವೇ ಕಂಡುಕೊಂಡ ಮಾತಿನಲ್ಲಿ ಏನೋ ತಿರುಳಿರಬೇಕು.

ಆದ್ದರಿಂದ ಸಂಪ್ರದಾಯದ ಪಕ್ಷಪಾತಿಯಾಗಿ ನಾನು ಬಂದು ನಿಲ್ಲುವುದು ಇಲ್ಲಿ: ಮಿತಿ ಇರಲಿ, ಆದರೆ ಅದು ಹಳೆಯ ರೀತಿಯ ಮಿತಿಯಾಗಿರಲಿ. ಬಿಡುವನ್ನು ವಿಧಿಸಲಿ, ಬಹಿಷ್ಕಾರವನ್ನಲ್ಲ. ಅನುಭವವನ್ನು ಶಿಕ್ಷಿಸುವ ನಿಯಮ ಅವಿವೇಕದ್ದು. ಅನುಭವವನ್ನು ಹಂಚುವಂತೆ ಮಾಡುವ ನಿಯಮ ವಿವೇಕದ್ದು.

ನನ್ನ ಕಾರ್ಯದರ್ಶಿತನದ ಕಥೆ ಮುಗಿಸದೆ ಬಿಟ್ಟಿದ್ದೆ. ಹನ್ನೆರಡನೆಯ ವರ್ಷದ ಕೊನೆಯಲ್ಲಿ ಅನಾರೋಗ್ಯದಿಂದಾಗಿ ನಾನು ಬಿಡಲೇಬೇಕಾಯಿತು. ಹೊಸದಾಗಿ ಬಂದ ತರುಣಿಗೆ ಕಾಗದಪತ್ರಗಳನ್ನು ಒಪ್ಪಿಸಿ ವಿವರಿಸಲು ಎರಡು ಸಂಜೆಗಳು ಸಾಕಾದುವು. ಅಷ್ಟು ವರ್ಷ ನನ್ನೊಬ್ಬನಿಗೇ ತಿಳಿದಿದ್ದ ರಹಸ್ಯವಿದ್ಯೆಯ ಗಾತ್ರ ಅಷ್ಟೆ. ಮುಂದಿನ ತಿಂಗಳು ಸಂಘದ ಗ್ರಂಥಾಲಯಕ್ಕೆ ಪುಸ್ತಕವೊಂದನ್ನು ನಾಲ್ಕು ದಿನ ತಡವಾಗಿ ಹಿಂದಿರುಗಿಸಿದಾಗ ಆಕೆ ನಗುನಗುತ್ತಲೇ ದಂಡ ಕೇಳಿದಳು. ಆ ದಂಡದ ದರವನ್ನು ಏರಿಸಿದವನು ನಾನೇ. ಕಟ್ಟಿ ರಸೀದಿ ಪಡೆದೆ. ದರ ಸ್ವಲ್ಪ ಹೆಚ್ಚಾಯಿತೆಂದು ನನಗೆ ಅನ್ನಿಸಿದ್ದು ಅಂದೇ ಮೊದಲು.