ಆವಣಿ
ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಐತಿಹಾಸಿಕ ಗ್ರಾಮ. ವಾಲ್ಮೀಕಿ ಆಶ್ರಮವಿದ್ದ, ಲವಕುಶರು ಹುಟ್ಟಿದ ತಾಣವೆಂಬ ಪ್ರತೀತಿಯಿದೆ. ಊರಿನ ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಇಲ್ಲಿಗೆ ಬರುತ್ತಾರೆ. ಬೆಟ್ಟದ ತಪ್ಪಲಿನ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯ 10ನೆಯ ಶತಮಾನದ ನೊಳಂಬರ ಕಾಲದ್ದು. ಮುಂದೆ ಚೋಳರ ಆಳ್ವಿಕೆಯಲ್ಲಿ ಜೀರ್ಣೋದ್ಧಾರಗೊಂಡಿತು. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳಿವೆ. ಇವುಗಳಲ್ಲಿ ಲಕ್ಷ್ಮಣೇಶ್ವರ ಗುಡಿಯ ಕೆತ್ತನೆ ಹೆಚ್ಚು ಸೊಗಸು: ಮಂಟಪದ ಒಳಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಉಮಾಮಹೇಶ್ವರರು ಕುಳಿತಿದ್ದಾರೆ. ಶಿವರಾತ್ರಿಯ ವೇಳೆ ಜಾತ್ರೆ ನಡೆಯುತ್ತದೆ. ಕೋಲಾರದ ಮಾರ್ಗವಾಗಿ ಬಂದವರು ಕೋಲಾರಮ್ಮ ದೇವಾಲಯ, ಆವಣಿ ಹಾಗೂ ಕುರುಡುಮಲೆ ಗಣಪತಿ ದೇವಾಲಯಗಳನ್ನು ಒಂದೇ ದಿನದಲ್ಲಿ ನೋಡಿ ಹಿಂತಿರುಗಬಹುದು.